ಅಡಿಕೆ ತೋಟಕ್ಕೊಂದು ಹೊರೆಗಾಡಿ: ನಾಲ್ವರು ಸೇರಿ ಕಟ್ಟಿದ ಕೊನೆ ವರ್ಷದ ಪ್ರಾಜೆಕ್ಟ್

ಏಳನೇ ಸೆಮಿಸ್ಟರ್ ಶುರುವಾಗುತ್ತಿದ್ದಂತೆ ಆಟೊಮೊಬೈಲ್ ಎಂಜಿನಿಯರಿಂಗ್ ಓದುವವರ ನಡುವೆ ಒಂದೇ ಮಾತು. ಪ್ರಾಜೆಕ್ಟ್ ಯಾವುದು, ಟೀಮಿನಲ್ಲಿ ಯಾರ‍್ಯಾರು, ಗೈಡ್ ಯಾರು. ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಸ್ಕೀಮಿನಲ್ಲಿ ಪ್ರಾಜೆಕ್ಟ್ ಎರಡು ಹಂತದಲ್ಲಿತ್ತು. ಏಳನೇ ಸೆಮ್‌ನಲ್ಲಿ ವಿಷಯ ಆರಿಸಿ, ಹಿಂದೆ ಯಾರು ಏನು ಮಾಡಿದ್ದಾರೆ ಎಂದು ಓದಿ, ಡಿಸೈನ್ ಮುಗಿಸಬೇಕು. ಎಂಟನೇ ಸೆಮ್‌ನಲ್ಲಿ ಕಟ್ಟಬೇಕು, ಪರೀಕ್ಷೆ ಮಾಡಬೇಕು, ರಿಪೋರ್ಟ್ ಬರೆದು ವೈವಾಗೆ ಕೂರಬೇಕು.

ಬೆಂಗಳೂರಿನಲ್ಲಿ ದುಡ್ಡು ಕೊಟ್ಟರೆ ಮಾಡೆಲ್, ರಿಪೋರ್ಟ್, ಪಿಪಿಟಿ ಎಲ್ಲವನ್ನೂ ಕೈಗಿಡುವ ಅಂಗಡಿಗಳಿವೆ. ಆ ದಾರಿಯ ಮೇಲೆ ನನಗೆ ಆಗಲೂ ಸಿಟ್ಟಿತ್ತು, ಈಗಲೂ ಇದೆ. ನಾಲ್ಕು ವರ್ಷ ಥಿಯರಿ ಬರೆದು ಪಾಸಾದವರಿಗೆ ಕಬ್ಬಿಣ ಮುಟ್ಟಿ ಏನಾದರೂ ಕಟ್ಟಲು ಸಿಗುವ ಅವಕಾಶ ಇದೊಂದೇ. ಅದನ್ನೂ ಕೊಂಡು ತಂದರೆ ಕಳೆದುಕೊಳ್ಳುವವರು ನಾವೇ ಅಲ್ವಾ?

ನಮ್ಮ ಕ್ಲಾಸಿನ ಕೆಲವರು ಬಾಹಾ ಟೀಮಿಗೆ ಸೇರಿದ್ದರು. ವಾಹನ ಎಂಜಿನಿಯರುಗಳ ಸಂಘ ಎಸ್‌ಎಇ ಇಂಡಿಯಾ 2007ರಿಂದ ನಡೆಸುತ್ತಿರುವ ಸ್ಪರ್ಧೆ ಅದು. ವಿದ್ಯಾರ್ಥಿಗಳೇ ಒಂಟಿ ಸೀಟಿನ ಗಾಡಿ ಕಟ್ಟಿ, ಕಲ್ಲುಮಣ್ಣಿನ ಟ್ರ್ಯಾಕಿನಲ್ಲಿ ಗಂಟೆಗಟ್ಟಲೆ ಓಡಿಸಬೇಕು. ಇಂದೋರ್ ಹತ್ತಿರದ ಪೀತಂಪುರಕ್ಕೆ ಗಾಡಿ ಸಾಗಿಸಿದ ಸೀನಿಯರ್‌ಗಳ ಕಥೆ ಕೇಳುತ್ತಲೇ ನಾವು ಬೆಳೆದವರು. ಓಡಿಸುವವರನ್ನು ಕಾಯುವ ರೋಲ್‌ಕೇಜಿನ ಪೈಪಿನಿಂದ ಹಿಡಿದು ಗಾಡಿಯನ್ನು ತಟ್ಟನೆ ಬಂದ್ ಮಾಡುವ ಕಿಲ್ ಸ್ವಿಚ್ ಎಲ್ಲಿರಬೇಕು ಎನ್ನುವವರೆಗೆ ಅಲ್ಲಿ ಎಲ್ಲಕ್ಕೂ ರೂಲ್‌ಬುಕ್ ಇದೆ. ಅದರಿಂದ ಕಲಿಯುವುದು ಬಹಳ. ಆದರೆ ನಮ್ಮ ನಾಲ್ವರಿಗೆ ಬೇರೆ ಆಸೆ ಇತ್ತು. ಯಾರಾದರೂ ದಿನಾ ಬಳಸುವ ಗಾಡಿ ಆಗಬೇಕು. ಗಾಡಿಗೆ ಏನು ಬೇಕು ಎಂದು ಬಳಸುವವರೇ ಹೇಳಬೇಕು.

ಟೀಮಿನ ಒಬ್ಬ ಗೆಳೆಯ ಶಿರಸಿ ಕಡೆಯವನು. ಮನೆಯಲ್ಲಿ ಅಡಿಕೆ ತೋಟ ಇದೆ. ಆ ಕಡೆ ತೋಟಗಳು ಗುಡ್ಡಗಳ ನಡುವಿನ ತಗ್ಗಿನಲ್ಲಿ ಇರುತ್ತವೆ, ಮನೆ ಮತ್ತು ಅಂಗಳ ಮೇಲೆ. ಹಾಗಾಗಿ ಕೊಯ್ದ ಅಡಿಕೆ ಕೊನೆಗಳನ್ನು (ಗೊನೆಗಳನ್ನು) ಮೇಲಕ್ಕೆ ಹೊರಬೇಕು. ಕೊಟ್ಟಿಗೆ ಗೊಬ್ಬರ, ಸೊಪ್ಪಿನ ಬೆಟ್ಟದಿಂದ ತಂದ ಸೊಪ್ಪು ಇವನ್ನು ಕೆಳಕ್ಕೆ ಹೊರಬೇಕು. ಎರಡೂ ತಲೆಹೊರೆಯೇ. ಕೆಲಸಕ್ಕೆ ಜನ ಸಿಗುವುದೇ ಕಷ್ಟ ಎಂದು ಅವನ ಮನೆಯವರು ಪ್ರತಿ ಹಂಗಾಮಿನಲ್ಲೂ ಒದ್ದಾಡುತ್ತಿದ್ದರು. ನಡೆಯುತ್ತಾ ಹಿಡಿದು ಓಡಿಸುವ ಬ್ಯಾಟರಿ ಗಾಡಿ ಕಟ್ಟೋಣ ಎಂದು ಅವನೇ ಹೇಳಿದ. ಹೀಗೆ ಹೊರೆ ಸಾಗಿಸುವ ಮೋಟೊಕಾರ್ಟ್‌ಗಳು ಮಾರುಕಟ್ಟೆಯಲ್ಲಿ ಆಗಲೇ ಇದ್ದವು. ಅವನು ನೋಡಿದ್ದವು ಅವರ ತೋಟಕ್ಕೆ ಅಗಲವಾಗುತ್ತಿದ್ದವು, ಬೆಲೆಯೂ ಜಾಸ್ತಿ. ಮೇಲೆ ಕೂತು ಓಡಿಸುವುದಲ್ಲ, ರಸ್ತೆಗೆ ಇಳಿಯುವುದೂ ಇಲ್ಲ. ನಮ್ಮ ಸಮಯಕ್ಕೂ ಜೇಬಿಗೂ ಹೊಂದುವ ಕೆಲಸ ಅನ್ನಿಸಿತು.

ಗೈಡ್ ಸರ್ ಕೇಳಿದ ಮೊದಲ ಮಾತು, "ತೋಟ ನೋಡಿದ್ದೀರಾ? ಅಳತೆ ಎಲ್ಲಿ?" ಅಳತೆ ತಂದ ಮೇಲೆ ಮಾತಾಡೋಣ ಎಂದರು. ನಾಲ್ವರೂ ಶಿರಸಿ ಬಸ್ಸು ಹತ್ತಿದೆವು.

ಪ್ರಾಜೆಕ್ಟಿನ ಅತಿ ಮುಖ್ಯ ಕೆಲಸ ನಡೆದದ್ದು ಅಲ್ಲಿ ಎಂದು ನಾನು ಇವತ್ತಿಗೂ ನಂಬುತ್ತೇನೆ. ಅಡಿಕೆ ಮರಗಳ ನಡುವೆ 2.7 ಮೀಟರ್, ಅಂದರೆ ಸುಮಾರು 9 ಅಡಿ ಅಂತರ. ಕೇಳಿದರೆ ಧಾರಾಳ ಅನ್ನಿಸುತ್ತದೆ. ಆದರೆ ಸಾಲುಗಳ ನಡುವೆ ಬಸಿಗಾಲುವೆ ಇದೆ, ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿ ಇದೆ, ನಡುವೆ ಬಾಳೆ, ಏಲಕ್ಕಿ ಇದೆ. ಗಾಡಿಗೆ ಸಿಗುವುದು ಕಾಲುದಾರಿ ಮಾತ್ರ. ಕಾಲುವೆ ದಾಟಲು ಅಡಿಕೆ ಮರ ಸೀಳಿದ ದಬ್ಬೆಗಳನ್ನು ಉದ್ದಕ್ಕೆ ಹಾಸಿದ ಸಂಕ, ಅಂದರೆ ಕಾಲುಸೇತುವೆ. ಅದರ ಅಗಲ 90 ಸೆಂಟಿಮೀಟರ್. ಗಾಡಿಯ ಒಟ್ಟು ಅಗಲ 75 ಸೆಂಟಿಮೀಟರ್ ದಾಟಬಾರದು ಎಂದು ಅಲ್ಲೇ ನಿಂತು ಬರೆದುಕೊಂಡೆವು.

ಗೆಳೆಯನ ಅಪ್ಪ ನಮ್ಮ ಜೊತೆಗೇ ನಡೆಯುತ್ತಿದ್ದರು. "ತಮ್ಮಾ, ಕೊನೆ ಹೊರೋದು ಒಂದು ಕೆಲಸ ಆಯ್ತು. ಮಳೆಗಾಲದಲ್ಲಿ ಔಷಧಿ ಹೊಡೆಯೋವಾಗ ಬ್ಯಾರಲ್ ಸಾಗಿಸೋದು ಅದಕ್ಕಿಂತ ದೊಡ್ಡದು" ಎಂದರು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಮಾತು ಅದು. ಶೇಕಡಾ 1ರ ದ್ರಾವಣ ಮಾಡಲು 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕೆಜಿ ಸುಣ್ಣ ಬೇಕು. ಅವರ ಬ್ಯಾರಲ್ 200 ಲೀಟರಿನದು. ತುಂಬಿದರೆ 200 ಕೆಜಿ. ಗಾಡಿ ಎಷ್ಟು ಹೊರಬೇಕು ಎಂಬ ಪ್ರಶ್ನೆಗೆ ಉತ್ತರ ಹಾಗೆ ಸಿಕ್ಕಿತು. ಬೆಂಗಳೂರಿನಲ್ಲಿ ಕೂತಿದ್ದರೆ ನಾವು ಸುಮ್ನೆ 100 ಕೆಜಿ ಎಂದು ಬರೆಯುತ್ತಿದ್ದೆವೇನೋ.

ಏರು ಅಳೆಯಲು ಗಾರೆಯವರು ಬಳಸುವ ನೀರು ತುಂಬಿದ ಲೆವೆಲ್ ಟ್ಯೂಬ್ ಸಾಕಾಯಿತು. ತೋಟದಿಂದ ಅಂಗಳಕ್ಕೆ ದಾರಿ ಸುಮಾರು 200 ಮೀಟರ್, ಒಟ್ಟು ಏರು 12 ಮೀಟರ್. ಹೆಚ್ಚಿನ ಭಾಗ ನಿಧಾನದ ಏರು. ಆದರೆ ಚಿರೆಕಲ್ಲಿನ ಒಂದು ಕಡಿದಾದ ಜಾಗ ಇದೆ. 18 ಮೀಟರ್ ಉದ್ದ, ಅಷ್ಟರಲ್ಲೇ 3 ಮೀಟರ್ ಏರುತ್ತದೆ. ಅಂದರೆ 6 ಅಡಿ ಮುಂದೆ ಹೋದರೆ 1 ಅಡಿ ಮೇಲೆ.

ಮಣ್ಣು ಗಾಡಿಯನ್ನು ಎಷ್ಟು ತಡೆಯುತ್ತದೆ ಎಂದು ತಿಳಿಯಲು ಮನೆಯಲ್ಲಿದ್ದ ಕೈಗಾಡಿಯನ್ನೇ ಬಳಸಿದೆವು. ಗೊಬ್ಬರದ ಚೀಲ ಹೇರಿ, ಗಾಡಿ ಸೇರಿ 105 ಕೆಜಿ ಮಾಡಿ, ಲಗೇಜ್ ತೂಗುವ ತಕ್ಕಡಿ ಸಿಕ್ಕಿಸಿ ಒಂದೇ ವೇಗದಲ್ಲಿ ಎಳೆದೆವು. ತೋಟದ ಹಸಿ ಮಣ್ಣಿನಲ್ಲಿ ಮುಳ್ಳು 10 ಕೆಜಿಯ ಆಸುಪಾಸು ಆಡುತ್ತಿತ್ತು. ಅಂಗಳದಲ್ಲಿ 3 ಕೆಜಿ. ಅಂದರೆ ಹಸಿ ಮಣ್ಣಿನಲ್ಲಿ ಒಟ್ಟು ತೂಕದ ಹತ್ತನೇ ಒಂದು ಪಾಲು ಬಲ ಬರೀ ಉರುಳಿಸುವುದಕ್ಕೇ ಹೋಗುತ್ತದೆ. ಪಠ್ಯಪುಸ್ತಕದಲ್ಲಿ ರೋಲಿಂಗ್ ರೆಸಿಸ್ಟೆನ್ಸ್ ಎಂದು ಓದಿದ್ದ ಸಂಖ್ಯೆಯನ್ನು ನಾವೇ ಕೈಯಿಂದ ಎಳೆದು ಪಡೆದ ಆ ಸಂಜೆ ನಾಲ್ವರಿಗೂ ಖುಷಿಯೋ ಖುಷಿ.

ಆಮೇಲಿನ ಲೆಕ್ಕ ಸರಾಗವಾಗಿ ಬಂತು. ಗಾಡಿ 120 ಕೆಜಿ, ಹೊರೆ 200 ಕೆಜಿ, ಒಟ್ಟು 320. ಕಡಿದಾದ ಏರಿಗೆ ಸುಮಾರು 515 ನ್ಯೂಟನ್ ಬೇಕು. ಮಳೆಗಾಲದಲ್ಲಿ ಆ ದಾರಿಯೂ ಕೆಸರಾಗಿರುತ್ತದೆ ಎಂದು ಹಿಡಿದು ಮಣ್ಣಿನ ತಡೆಗೆ 310. ಎರಡೂ ಸೇರಿ 825 ನ್ಯೂಟನ್. ಆಟೋರಿಕ್ಷಾದ 4.00-8 ಅಳತೆಯ ಟೈರನ್ನು ಆರಿಸಿದ್ದೆವು. ಅದರ ತ್ರಿಜ್ಯ ಸುಮಾರು 20 ಸೆಂಟಿಮೀಟರ್. ಹಾಗಾಗಿ ಚಕ್ರದಲ್ಲಿ 165 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಬೇಕು. ಮನುಷ್ಯ ನಡೆಯುವ ವೇಗ ಗಂಟೆಗೆ 4 ಕಿಲೋಮೀಟರ್ ಎಂದರೆ ಚಕ್ರಕ್ಕೆ 900 ವ್ಯಾಟ್‌ಗಿಂತ ಸ್ವಲ್ಪ ಜಾಸ್ತಿ.

48 ವೋಲ್ಟಿನ, 1 ಕಿಲೋವ್ಯಾಟ್‌ನ ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ) ಮೋಟರ್ ಹುಡುಕಿದೆವು. 3000 ಆರ್‌ಪಿಎಂ ತಿರುಗುವ ಇಂಥ ಮೋಟರ್‌ಗಳು ಇ-ರಿಕ್ಷಾಗಳಿಂದಾಗಿ ಸುಲಭವಾಗಿ ಸಿಗುತ್ತವೆ. ನಾವು ಆರಿಸಿದ್ದರ ಒಳಗೇ 6ಕ್ಕೆ 1ರ ಗೇರ್ ಇತ್ತು. ಅದು ಸಾಲದು. ಬೈಕಿನ 14 ಹಲ್ಲು ಮತ್ತು 42 ಹಲ್ಲಿನ ಸ್ಪ್ರಾಕೆಟ್‌ಗಳನ್ನು ಎರಡು ಹಂತದಲ್ಲಿ ಜೋಡಿಸಿದರೆ ಇನ್ನೂ 9 ಪಟ್ಟು ವೇಗ ಇಳಿಯುತ್ತದೆ, ಚಕ್ರ ನಿಮಿಷಕ್ಕೆ 55 ಸುತ್ತಿನ ಹತ್ತಿರ ಬರುತ್ತದೆ. ಮೊದಲ ರಿವ್ಯೂನಲ್ಲಿ ಪ್ಯಾನೆಲ್‌ನವರು ಇಲ್ಲಿಯೇ ಹಿಡಿದರು. ಚೈನ್ ಮತ್ತು ಗೇರಿನ ನಷ್ಟ ಕಳೆದರೆ ಚಕ್ರಕ್ಕೆ ಸಿಗುವ ಟಾರ್ಕ್ ಸುಮಾರು 147. ಬೇಕಾದದ್ದು 165. ಸಾಲುತ್ತಾ? ನಮ್ಮ ಹತ್ತಿರ ಉತ್ತರ ಇತ್ತು, ಏಕೆಂದರೆ ಟ್ಯೂಬ್ ಹಿಡಿದು ಅಳೆದಿದ್ದೆವು. ಕಡಿದಾದ ಜಾಗ 18 ಮೀಟರ್ ಮಾತ್ರ, ಅರ್ಧ ನಿಮಿಷದೊಳಗೆ ದಾಟುತ್ತದೆ. ಬಿಎಲ್‌ಡಿಸಿ ಮೋಟರ್ ಅಷ್ಟು ಹೊತ್ತು ತನ್ನ ರೇಟಿಂಗ್‌ಗಿಂತ ಜಾಸ್ತಿ ಕೊಡಬಲ್ಲದು, ತೊಂದರೆ ಬರುವುದು ತುಂಬಾ ಹೊತ್ತು ಎಳೆದು ಬಿಸಿಯಾದಾಗ.

ಈ ನಡುವೆ ಕೆಎಸ್‌ಸಿಎಸ್‌ಟಿಗೂ ಅರ್ಜಿ ಹಾಕಿದೆವು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿದೆ. ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ನೆರವು ಕೊಡುವ ಕಾರ್ಯಕ್ರಮವನ್ನು 1970ರ ದಶಕದಿಂದ ನಡೆಸಿಕೊಂಡು ಬಂದಿದೆ. ಗೈಡ್ ಮತ್ತು ಪ್ರಿನ್ಸಿಪಾಲರ ಸಹಿಯೊಂದಿಗೆ ಅರ್ಜಿ ಹೋಗಬೇಕು. ಸಿಗುವ ಹಣ ದೊಡ್ಡದಲ್ಲ. ಆದರೆ ಯಾರಿಗೆ ಉಪಯೋಗ, ಎಷ್ಟು ಖರ್ಚು, ಯಾವ ತಿಂಗಳು ಯಾವ ಕೆಲಸ ಎಂದು ಕೆಲವೇ ಪುಟಗಳಲ್ಲಿ ಬರೆಯಲೇಬೇಕಾಗುತ್ತದೆ. ಹಾಗೆ ಬರೆದದ್ದೇ ಮುಂದೆ ನಮ್ಮ ಕೆಲಸದ ಪಟ್ಟಿ ಆಯಿತು. ಉಳಿದ ದುಡ್ಡು ನಾಲ್ಕು ಮನೆಯಿಂದ ಬಂತು. ಬಜೆಟ್ಟಿನ ಅರ್ಧಕ್ಕಿಂತ ಜಾಸ್ತಿ ಬ್ಯಾಟರಿಗೇ ಬೇಕಾಯಿತು.

ಬ್ಯಾಟರಿ ವಿಷಯದಲ್ಲಿ ಟೀಮಿನೊಳಗೆ ಜೋರು ಚರ್ಚೆ ನಡೆಯಿತು. ಲೆಡ್ ಆಸಿಡ್ ಅಗ್ಗ, ಎಲ್ಲಿ ಬೇಕಾದರೂ ಸಿಗುತ್ತದೆ, ಶಿರಸಿಯಲ್ಲೇ ಬದಲಾಯಿಸಬಹುದು. ಆದರೆ ತೂಕ ವಿಪರೀತ, ಆ ತೂಕವನ್ನೂ ಗಾಡಿಯೇ ಏರು ಹತ್ತಿಸಬೇಕು. ಕೊನೆಗೆ ಲಿಥಿಯಂ ಐರನ್ ಫಾಸ್ಫೇಟ್ ಆರಿಸಿದೆವು. ಒಂದು ಸೆಲ್ 3.2 ವೋಲ್ಟ್, 40 ಆಂಪಿಯರ್ ಅವರ್. ಅಂಥ 16 ಸೆಲ್ ಸಾಲಾಗಿ ಸೇರಿಸಿದರೆ 51.2 ವೋಲ್ಟ್, ಸುಮಾರು 2 ಯೂನಿಟ್ ಕರೆಂಟ್ ಹಿಡಿಯುತ್ತದೆ. ಲಿಥಿಯಂ ಬಗೆಗಳಲ್ಲಿ ಇದು ಬಿಸಿಗೆ ಬೇಗ ಕೆಡದ ಬಗೆ. ಕೊಟ್ಟಿಗೆ ಪಕ್ಕ ನಿಲ್ಲುವ ಗಾಡಿಗೆ ಅದು ಮುಖ್ಯ ಅನ್ನಿಸಿತು.

ಸೆಲ್‌ಗಳನ್ನು ಎಸ್‌ಪಿ ರೋಡಿನಿಂದ ತಂದೆವು. ಅಲ್ಲಿ ಮಲ್ಟಿಮೀಟರ್ ಹಿಡಿದು ನಿಂತು ಒಂದೊಂದನ್ನೂ ಅಳೆದು ತರಬೇಕು. ಅಷ್ಟು ನೋಡಿ ತಂದರೂ, ಲ್ಯಾಬಿನಲ್ಲಿ ಪೂರ್ತಿ ಚಾರ್ಜ್ ಮಾಡಿ ಇಳಿಸಿ ನೋಡಿದಾಗ ಎರಡು ಸೆಲ್ ಬೇರೆಯವಕ್ಕಿಂತ ಬೇಗ ಖಾಲಿಯಾದವು. ಅಂಗಡಿಯವರು ಮೊದಲು ಒಪ್ಪಲಿಲ್ಲ. ಡಿಸ್ಚಾರ್ಜ್ ಗ್ರಾಫ್ ತೋರಿಸಿದ ಮೇಲೆ ಬದಲಾಯಿಸಿ ಕೊಟ್ಟರು. ಸಾಲಿನಲ್ಲಿ ಒಂದು ಸೆಲ್ ಬಡವಾದರೆ ಸೆಲ್‌ಗಳನ್ನು ಕಾಯುವ ಬಿಎಂಎಸ್ (ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್) ಇಡೀ ಪ್ಯಾಕನ್ನೇ ನಿಲ್ಲಿಸುತ್ತದೆ. ಹಾಗಾಗಿ ಈ ಕೆಲಸಕ್ಕೆ ಎಷ್ಟು ದಿನ ಹೋದರೂ ಬೇಸರ ಇಲ್ಲ. ಪ್ಯಾಕ್ ಜೋಡಿಸುವಾಗ ಸ್ಪ್ಯಾನರ್‌ಗೆ ಇನ್ಸುಲೇಷನ್ ಟೇಪ್ ಸುತ್ತಿರಬೇಕು, ಕೈಯಲ್ಲಿ ಉಂಗುರ, ವಾಚು ಇರಬಾರದು, ಒಬ್ಬರೇ ಇದ್ದಾಗ ಚಾರ್ಜಿಗೆ ಹಾಕಬಾರದು ಎಂದು ಲ್ಯಾಬ್ ಇನ್‌ಸ್ಟ್ರಕ್ಟರ್ ಗೋಡೆಗೆ ಬರೆದು ಅಂಟಿಸಿದ್ದರು. ಎಲ್ಲ ಕಾಲೇಜಿನಲ್ಲೂ ಆ ಹಾಳೆ ಇರಬೇಕು.

ಟೈರು, ಡ್ರಮ್ ಬ್ರೇಕು, ಬೇರಿಂಗ್ ಎಲ್ಲ ಜೆಸಿ ರೋಡಿನಲ್ಲಿ ಸಿಕ್ಕವು. ಪ್ಲೇಟುಗಳನ್ನು ಪೀಣ್ಯದಲ್ಲಿ ಲೇಸರ್ ಕಟಿಂಗ್ ಮಾಡಿಸಿದೆವು. ಆಕ್ಸಲ್‌ಗೆ 25 ಮಿಲಿಮೀಟರಿನ ಇಎನ್8 ಉಕ್ಕಿನ ಶಾಫ್ಟ್. ಅದರಲ್ಲಿ ಕೀವೇ ಎಂಬ ಉದ್ದ ಸೀಳು ಹೊಡೆಸಲು ಹೋದಾಗ ಲೇಥಿನ ಅಣ್ಣ ನಮ್ಮ ಡ್ರಾಯಿಂಗ್ ನೋಡಿ, "ಬೇರಿಂಗ್ ಎಷ್ಟು ಟೈಟ್ ಕೂರಬೇಕು ಅಂತ ಇದರಲ್ಲಿ ಎಲ್ಲಿದೆ?" ಎಂದು ಕೇಳಿದರು. ಅವರ ಪಕ್ಕದಲ್ಲೇ ಕೂತು ಟಾಲರೆನ್ಸ್ ಬರೆದುಕೊಂಡೆವು. ನೂರು ಮೈಕ್ರಾನ್ ಎಂದರೆ ಎಷ್ಟು ಎಂದು ಬೆರಳಿಗೆ ಗೊತ್ತಿರುವ ಜನ ಅವರು. ಸಣ್ಣ ವರ್ಕ್‌ಶಾಪಿನ ಇಂಥವರ ಮುಂದೆ ಅರ್ಧ ದಿನ ನಿಂತರೆ ಸಿಗುವ ಪಾಠ ದೊಡ್ಡದು.

ಫ್ರೇಮನ್ನು 40 ಮಿಲಿಮೀಟರ್ ಚದರದ, 2 ಮಿಲಿಮೀಟರ್ ದಪ್ಪದ ಎಂಎಸ್ (ಮೈಲ್ಡ್ ಸ್ಟೀಲ್) ಟ್ಯೂಬಿನಿಂದ ಕಾಲೇಜ್ ವರ್ಕ್‌ಶಾಪಿನಲ್ಲೇ ಮಾಡಿದೆವು. ಮೊದಲು ಎಲ್ಲ ಮೂಲೆಗೂ ಸಣ್ಣ ಟ್ಯಾಕ್ (ತಾತ್ಕಾಲಿಕ ಬೆಸುಗೆ) ಹಾಕಿ, ಕರ್ಣಗಳನ್ನು ಅಳೆದು, ಆಮೇಲೆ ಎದುರುಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪವೇ ವೆಲ್ಡ್ ಮಾಡಬೇಕು. ಒಂದೇ ಕಡೆ ಉದ್ದಕ್ಕೆ ಎಳೆದರೆ ಬಿಸಿಗೆ ಟ್ಯೂಬ್ ಬಾಗುತ್ತದೆ, ಆಮೇಲೆ ಚೈನ್ ಲೈನಿಗೆ ಬರುವುದಿಲ್ಲ. ವೆಲ್ಡಿಂಗ್, ವೈರಿಂಗ್, ಡ್ರಾಯಿಂಗ್, ಖರೀದಿ ಎಲ್ಲವನ್ನೂ ವಾರಕ್ಕೊಮ್ಮೆ ಅದಲುಬದಲು ಮಾಡಿಕೊಂಡೆವು. ಕ್ಯಾಂಪಸ್ ಇಂಟರ್‌ವ್ಯೂಗಳ ನಡುವೆ ಇದು ಸುಲಭ ಇರಲಿಲ್ಲ. ಆದರೆ ಟೀಮ್ ಎಂದ ಮೇಲೆ ಒಬ್ಬ ಕಟ್ಟುವುದು, ಮೂವರು ಫೋಟೋಗೆ ನಿಲ್ಲುವುದು ಸರಿಯಲ್ಲ. ನಾಲ್ವರ ಕೈಗೂ ವೆಲ್ಡಿಂಗ್ ಕಿಡಿ ತಾಗಬೇಕು.

ಎರಡು ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಬೇಕೋ ಬೇಡವೋ ಎಂಬುದು ನನಗೆ ಬಹಳ ಇಷ್ಟವಾದ ಚರ್ಚೆ. ಆಟೊಮೊಬೈಲ್ ಓದಿದವರು ಎರಡು ಚಕ್ರಕ್ಕೆ ಒಂದೇ ಗಟ್ಟಿ ಆಕ್ಸಲ್ ಹಾಕಿದರೆ ನಗುತ್ತಾರೆ ಎಂಬ ಭಯ ಒಬ್ಬನಿಗೆ. ಆದರೆ ಸಾಮಾನ್ಯ ಡಿಫರೆನ್ಷಿಯಲ್‌ನಲ್ಲಿ ಒಂದು ಚಕ್ರ ಕೆಸರಿಗೆ ಬಿದ್ದರೆ ಅದೊಂದೇ ಗಿರಗಿರ ತಿರುಗುತ್ತದೆ, ಗಾಡಿ ಮಾತ್ರ ನಿಂತಲ್ಲೇ. ತೋಟದಲ್ಲಿ ಅದು ದಿನನಿತ್ಯದ ಗೋಳು ಆಗುತ್ತಿತ್ತು. ಗಟ್ಟಿ ಆಕ್ಸಲ್ಲಿಗೆ ಅಂಗಳದಲ್ಲಿ ತಿರುಗಿಸುವುದು ಕಷ್ಟ. ಎರಡಕ್ಕೂ ಹೊಂದುವಂತೆ ಎಡಚಕ್ರದ ಹಬ್ಬಿಗೆ ಎಳೆದು ತೆಗೆಯುವ ಪಿನ್ ಇಟ್ಟೆವು. ತೋಟದಲ್ಲಿ ಪಿನ್ ಒಳಗೆ, ಎರಡೂ ಚಕ್ರ ಒಟ್ಟಿಗೆ ಎಳೆಯುತ್ತವೆ. ಅಂಗಳದಲ್ಲಿ ಖಾಲಿ ಗಾಡಿ ತಿರುಗಿಸುವಾಗ ಪಿನ್ ಹೊರಗೆ. ಹಿಂದೆ ತಾನಾಗಿ ತಿರುಗುವ ಒಂದು ಸಣ್ಣ ಚಕ್ರ. ಯಾರಿಗೆ ಬೇಕಾದರೂ ಒಂದೇ ನೋಟಕ್ಕೆ ಅರ್ಥವಾಗುತ್ತದೆ, ಕೆಟ್ಟರೆ ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಸರಿಯಾಗುತ್ತದೆ.

ಬ್ರೇಕಿಗೆ ಇನ್ನೂ ಜಾಸ್ತಿ ತಲೆ ಕೆಡಿಸಿಕೊಂಡೆವು. ಗೆಳೆಯನ ಅಪ್ಪ ಅಷ್ಟೂ ದಿನ ಒಂದೇ ಮಾತು ಹೇಳುತ್ತಿದ್ದರು, "ಕೈ ಬಿಟ್ರೆ ನಿಲ್ಲಬೇಕು." ಗೊಬ್ಬರ ಹೇರಿಕೊಂಡು ಇಳಿಯುವಾಗ ಹಿಡಿದವರ ಕಾಲು ಜಾರಿದರೆ ಗಾಡಿ ತಾನಾಗಿ ಓಡಬಾರದು. ಬೈಕಿನಲ್ಲಿ ಲಿವರ್ ಒತ್ತಿದರೆ ಬ್ರೇಕ್ ಹಿಡಿಯುತ್ತದೆ. ನಾವು ಅದನ್ನು ತಿರುಗಿಸಿದೆವು. ಡ್ರಮ್ಮಿನ ಕ್ಯಾಮಿಗೆ ಬಲವಾದ ಸ್ಪ್ರಿಂಗ್ ಕಟ್ಟಿದೆವು, ಅದು ಸದಾ ಬ್ರೇಕ್ ಹಿಡಿದೇ ಇರುತ್ತದೆ. ಹಿಡಿಕೆಯ ಲಿವರ್ ಒತ್ತಿದಾಗ ಮಾತ್ರ ಬಿಡುತ್ತದೆ. ಅದೇ ಲಿವರ್‌ಗೆ ಒಂದು ಸ್ವಿಚ್. ಲಿವರ್ ಬಿಟ್ಟ ಕೂಡಲೇ ಮೋಟರ್ ಕೂಡ ಬಂದ್. ಒಣಗಿದ ಚಿರೆಕಲ್ಲಿನ ಇಳಿಜಾರಿನಲ್ಲಿ ತುಂಬಿದ ಗಾಡಿಯನ್ನು ಹಿಡಿದು ನಿಲ್ಲಿಸಲು ಆಕ್ಸಲ್ಲಿನಲ್ಲಿ 85 ನ್ಯೂಟನ್ ಮೀಟರ್ ಬೇಕು ಎಂದು ಲೆಕ್ಕ ಬಂತು. ಅದರ ಎರಡು ಪಟ್ಟಿಗೆ ಸ್ಪ್ರಿಂಗ್ ಆರಿಸಿದೆವು.

ಕಾಲೇಜಿನ ರ‍್ಯಾಂಪಿನಲ್ಲಿ ಮರಳು ಚೀಲ ಹೇರಿ ಓಡಿಸಿದಾಗ ಎಲ್ಲ ಸರಿಯಾಗಿತ್ತು. ಚೈನ್ ಮಾತ್ರ ಜೋರಾಗಿ ಎಳೆದಾಗ ಹಲ್ಲು ಹಾರುತ್ತಿತ್ತು. ಮೋಟರ್ ಕೂರಿಸಿದ ಪ್ಲೇಟ್ ಸ್ವಲ್ಪ ಬಾಗುತ್ತಿರುವುದು ಡಯಲ್ ಗೇಜ್ ಇಟ್ಟು ನೋಡಿದಾಗ ಕಂಡಿತು. ಎರಡು ತ್ರಿಕೋನ ಗಸೆಟ್ (ಮೂಲೆಗೆ ಆಸರೆ ಪಟ್ಟಿ) ಹಾಕಿದ ಮೇಲೆ ನಿಂತಿತು. ಗಾಡಿಯನ್ನು ಬಿಚ್ಚಿ ಪಾರ್ಸೆಲ್ ಲಾರಿಗೆ ಹಾಕಿ ಶಿರಸಿಗೆ ಕಳಿಸಿದೆವು.

ತೋಟದಲ್ಲಿ ಬೇರೆಯೇ ಪ್ರಶ್ನೆಗಳು ಎದ್ದವು. ತುಂಬಿದ ಬ್ಯಾರಲ್ ಹೇರಿ ಏರು ಹತ್ತಿಸುವಾಗ, ಚಕ್ರಕ್ಕೆ ಕಲ್ಲು ಅಡ್ಡ ಬಂದರೆ ಪವರ್ ಪಟ್ಟನೆ ಹೋಗುತ್ತಿತ್ತು. ಮೋಟರ್ ನಿಂತಿತು, ಆದರೆ ಗಾಡಿ ಹಿಂದಕ್ಕೆ ಬರಲಿಲ್ಲ. ಲಿವರ್ ಬಿಟ್ಟ ಕ್ಷಣ ಸ್ಪ್ರಿಂಗ್ ಬ್ರೇಕ್ ಹಿಡಿದಿತ್ತು. ಆ ಬ್ರೇಕಿಗೆ ಕೊಟ್ಟ ಸಮಯವೆಲ್ಲ ಅಲ್ಲಿಗೆ ಸಾರ್ಥಕ ಅನ್ನಿಸಿತು. ವೈರಿನ ಕರೆಂಟ್ ಅಳೆಯುವ ಕ್ಲಾಂಪ್ ಮೀಟರ್ ಹಾಕಿ ನೋಡಿದರೆ ಕಾರಣ ಕಂಡಿತು. ಬ್ಯಾಟರಿಯಿಂದ ಮೋಟರಿಗೆ ಕರೆಂಟ್ ಕೊಡುವ ಕಂಟ್ರೋಲರ್ 45 ಆಂಪಿಯರ್ ತನಕ ಎಳೆಯಲು ಬಿಡುತ್ತಿತ್ತು, ಬಿಎಂಎಸ್ 40ಕ್ಕೇ ಕತ್ತರಿಸುತ್ತಿತ್ತು. ಲೆಕ್ಕದ ಪ್ರಕಾರ ಏರಿಗೆ 30 ಆಂಪಿಯರ್ ಸಾಕು. ಕಂಟ್ರೋಲರಿನ ಮಿತಿಯನ್ನು 35ಕ್ಕೆ ಇಳಿಸಿ, ಥ್ರಾಟಲ್ ನಿಧಾನ ಏರುವಂತೆ ಮಾಡಿದೆವು. ಅಲ್ಲಿಂದ ಪವರ್ ಹೋಗಲಿಲ್ಲ.

ಇನ್ನೊಂದು ಸಂಗತಿ, ಇ-ವಾಹನದ ಮೇಲೆ ಪ್ರಾಜೆಕ್ಟ್ ಮಾಡುವ ಎಲ್ಲರಿಗೂ ಬೇಕಾದದ್ದು. ಚಕ್ರ ಸಿಕ್ಕಿಕೊಂಡು ಮೋಟರ್ ತಿರುಗದೆ ನಿಂತಾಗ ಬ್ಯಾಟರಿ ಕಡೆಯ ಮೀಟರ್ ತೀರಾ ಕಡಿಮೆ ಆಂಪಿಯರ್ ತೋರಿಸುತ್ತದೆ. ನೋಡಿದವರು ಏನೂ ಆಗುತ್ತಿಲ್ಲ ಅಂದುಕೊಳ್ಳುತ್ತಾರೆ. ಆದರೆ ಅದೇ ಹೊತ್ತಿನಲ್ಲಿ ಮೋಟರಿನ ಸುರುಳಿಗಳಲ್ಲಿ ಅದರ ಹಲವು ಪಟ್ಟು ಕರೆಂಟ್ ಹರಿಯುತ್ತಿರುತ್ತದೆ. ಕಂಟ್ರೋಲರ್ ವೋಲ್ಟೇಜ್ ಇಳಿಸಿ ಕರೆಂಟ್ ಏರಿಸಿ ಕೊಡುವುದೇ ಇದಕ್ಕೆ ಕಾರಣ. ಬೇಗ ಬಿಸಿಯಾಗುವುದು ಆಗಲೇ. ಮೂರು ಫೇಸ್ ವೈರುಗಳಲ್ಲಿ ಒಂದಕ್ಕೆ ಕ್ಲಾಂಪ್ ಮೀಟರ್ ಹಾಕಿ ನೋಡಬೇಕು, ಮೋಟರ್ ಮೈಗೆ ಟೆಂಪರೇಚರ್ ಸೆನ್ಸರ್ ಅಂಟಿಸಬೇಕು. ನಾವು ಸೆನ್ಸರನ್ನು ಒಂದು ಸಣ್ಣ ದೀಪಕ್ಕೆ ಸೇರಿಸಿದೆವು. ಕೆಂಪು ಹೊತ್ತಿದರೆ ಸ್ವಲ್ಪ ಹೊತ್ತು ಬಿಟ್ಟು ಓಡಿಸಬೇಕು.

ಮೈಲುತುತ್ತದ ವಿಷಯ ಮೊದಲೇ ಗೊತ್ತಿದ್ದರಿಂದ ಅದಕ್ಕೂ ತಯಾರಿ ಇತ್ತು. ತಾಮ್ರದ ಸಲ್ಫೇಟ್ ಕಬ್ಬಿಣಕ್ಕೆ ತಾಗಿದರೆ ಕಬ್ಬಿಣ ಕರಗುತ್ತದೆ, ತಾಮ್ರ ಮೇಲೆ ಕೂರುತ್ತದೆ. ಪಿಯುಸಿ ಕೆಮಿಸ್ಟ್ರಿಯಲ್ಲಿ ಎಲ್ಲರೂ ನೋಡಿದ್ದೇ. ಸುಣ್ಣ ಸರಿಯಾಗಿ ಬೆರೆತ ದ್ರಾವಣ ಅಷ್ಟು ಕೆಡುಕಲ್ಲ, ಆದರೆ ಕಲಸುವ ಮೊದಲಿನ ತುತ್ತದ ನೀರು ಚೆಲ್ಲಿದರೆ ಕೆಟ್ಟದ್ದು. ಫ್ರೇಮಿಗೆ ಎಪಾಕ್ಸಿ ಪ್ರೈಮರ್ ಹೊಡೆದಿದ್ದೆವು, ಬ್ಯಾಟರಿ ಪೆಟ್ಟಿಗೆಯ ಮುಚ್ಚಳಕ್ಕೆ ರಬ್ಬರ್ ಗ್ಯಾಸ್ಕೆಟ್ ಇಟ್ಟಿದ್ದೆವು. ಮೋಟರ್ ಎಷ್ಟು ತಿರುಗಿದೆ ಎಂದು ಹೇಳುವ ಹಾಲ್ ಸೆನ್ಸರಿನ ಕನೆಕ್ಟರ್‌ಗೆ ನೀರು ಹೋಗದಂತೆ ಸೀಲ್ ಮಾಡಿ, ಬಾಯಿ ಕೆಳಗೆ ಬರುವ ಹಾಗೆ ಕೂರಿಸಿದ್ದೆವು.

ಗಾಡಿಯನ್ನು ನಿಜವಾಗಿ ಸರಿಮಾಡಿದವರು ತೋಟದ ಕೆಲಸಕ್ಕೆ ಬರುತ್ತಿದ್ದ ಒಬ್ಬ ಅಕ್ಕ. ಅವರ ಕೈಗೆ ಗಾಡಿ ಕೊಟ್ಟು ನಾವು ಬದಿಗೆ ನಿಂತೆವು. ಸ್ವಲ್ಪ ದೂರ ಹೋಗಿ ನಿಲ್ಲಿಸಿದರು. "ತಮ್ಮಾ, ಈ ಹಿಡಿಕೆ ನಿಮ್ಮ ಎತ್ತರಕ್ಕೆ ಮಾಡಿದ್ದು. ನನಗೆ ಭುಜ ಎತ್ತಿ ಹಿಡೀಬೇಕು. ಈ ಲಿವರ್ ಮನೆ ಮುಟ್ಟೋವರೆಗೂ ಒತ್ತಿ ಹಿಡಿಯೋಕಾಗ್ತದಾ? ಬೆರಳು ನೋಯ್ತದೆ" ಎಂದರು. ಸ್ಪ್ರಿಂಗ್ ಬಲವಾಗಿದ್ದಷ್ಟೂ ಬ್ರೇಕ್ ಭದ್ರ, ಆದರೆ ಒತ್ತಿ ಹಿಡಿಯುವ ಕೈಗೆ ಅಷ್ಟೇ ಭಾರ. ಕಾಲೇಜಿನಲ್ಲಿ ಒಂದೊಂದು ನಿಮಿಷ ಓಡಿಸಿದ ನಮ್ಮ ಬೆರಳಿಗೆ ಅದು ಗೊತ್ತಾಗುವಂತಿರಲಿಲ್ಲ.

ಆಮೇಲಿನ ವಾರಗಳು ಬಹುಪಾಲು ಈ ಲಿವರ್‌ಗೇ ಹೋದವು. ಸ್ಪ್ರಿಂಗ್ ಸಡಿಲ ಮಾಡುವಂತಿಲ್ಲ. ಬೆರಳಿನಿಂದ ಒತ್ತುವ ಲಿವರ್ ತೆಗೆದು, ಹಿಡಿಕೆಯ ಅಗಲಕ್ಕೂ ಒಂದು ಅಡ್ಡಪಟ್ಟಿ ಹಾಕಿದೆವು. ಅಂಗೈಯಿಂದ ಹಿಡಿಕೆಗೆ ಒರಗಿಸಿ ಹಿಡಿದರೆ ಸಾಕು, ಎರಡೂ ಕೈಯ ಬಲ ಬೀಳುತ್ತದೆ. ಕೇಬಲ್ ಎಳೆಯುವ ತೋಳಿನ ಅಳತೆ ಬದಲಿಸಿ, ಪಟ್ಟಿ ಸ್ವಲ್ಪ ಹೆಚ್ಚು ದೂರ ಸರಿದು ಕಡಿಮೆ ಬಲ ಕೇಳುವಂತೆ ಮಾಡಿದೆವು. ಲಗೇಜ್ ತಕ್ಕಡಿ ಮತ್ತೆ ಕೆಲಸಕ್ಕೆ ಬಂತು, ಪಟ್ಟಿ ಹಿಡಿದಿಡಲು ಬೇಕಾದ ಬಲ ಅರ್ಧಕ್ಕಿಂತ ಕಡಿಮೆ ಆದದ್ದು ಅದರಲ್ಲಿ ಕಂಡಿತು. ಹಿಡಿಕೆಯನ್ನು 85ರಿಂದ 105 ಸೆಂಟಿಮೀಟರ್ ನಡುವೆ ಎಲ್ಲಿ ಬೇಕಾದರೂ ಬೋಲ್ಟ್ ಹಾಕಿ ನಿಲ್ಲಿಸುವಂತೆ ಮಾಡಿದೆವು. ಅದೇ ಅಕ್ಕ ಎರಡನೇ ಸಲ ಓಡಿಸಿ, "ಈಗ ಅಡ್ಡಿಲ್ಲ" ಎಂದು ಮುಂದಿನ ಗೊಬ್ಬರದ ಹೊರೆಗೆ ಹೊರಟರು. ನಮ್ಮ ರಿಪೋರ್ಟಿನಲ್ಲಿ ಇದಕ್ಕೆ ಇಡೀ ಒಂದು ಅಧ್ಯಾಯ ಕೊಟ್ಟೆವು. ಮೋಟರಿನ ಅಧ್ಯಾಯಕ್ಕಿಂತ ಅದು ಉದ್ದ.

ಒಂದು ಸಲ ತುಂಬಿದ ಗಾಡಿ ತೋಟದಿಂದ ಅಂಗಳಕ್ಕೆ ಬರಲು ಸುಮಾರು 40 ವ್ಯಾಟ್ ಅವರ್ ಬೇಕು ಎಂದು ಲೆಕ್ಕ ಹೇಳಿತ್ತು. ಏರಿಗೆ ಹತ್ತು ಚಿಲ್ಲರೆ, ಮಣ್ಣಿನ ತಡೆಗೆ ಹದಿನೇಳು, ಉಳಿದದ್ದು ಮೋಟರ್ ಮತ್ತು ಚೈನಿನ ನಷ್ಟ. ವ್ಯಾಟ್ ಮೀಟರ್ ಅದರ ಹತ್ತಿರವೇ ತೋರಿಸಿತು. ಸಂಕದ ಬಳಿ ಮಾತ್ರ ಗಾಡಿ ಹಟ ಮಾಡುತ್ತಿತ್ತು. ದಬ್ಬೆಗಳ ನಡುವಿನ ಸಂದಿಗೆ ಟೈರ್ ಇಳಿಯುತ್ತಿತ್ತು. ಅದಕ್ಕೆ ಗಾಡಿಯಲ್ಲಿ ಏನೂ ಮಾಡಲಿಲ್ಲ. ಗೆಳೆಯನ ಅಪ್ಪ ಹಳೆಯ ದಬ್ಬೆ ತೆಗೆದು ಹೊಸದನ್ನು ಒತ್ತಾಗಿ ಹಾಸಿ, ಅಡ್ಡ ಪಟ್ಟಿ ಹೊಡೆದರು. ಭಾರ ತಡೆಯುತ್ತದೋ ಎಂದು ನೋಡಲು ಮೊದಲು ಬ್ಯಾರಲನ್ನು ಅದರ ನಡುವೆ ಇಟ್ಟು ನೀರು ತುಂಬಿಸಿದೆವು.

ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ರಿಪೋರ್ಟ್ ಮುಚ್ಚಿಟ್ಟು ಗಾಡಿ ಹತ್ತಿರ ಬಂದರು. ವೆಲ್ಡಿಂಗ್ ಹೆಚ್ಚು ಮಾಡಿದವನಿಗೆ ಬಿಎಂಎಸ್ ಬಗ್ಗೆ ಕೇಳಿದರು. ವೈರಿಂಗ್ ಮಾಡಿದವನಿಗೆ ಶಾಫ್ಟಿನ ಲೆಕ್ಕ ಕೇಳಿದರು. ನನಗೆ ಕೇಳಿದ್ದು, "ವರ್ಮ್ ಗೇರ್ ಹಾಕಿದ್ದರೆ ತಾನಾಗಿ ಲಾಕ್ ಆಗುತ್ತಿತ್ತು, ಈ ಸ್ಪ್ರಿಂಗ್ ಬ್ರೇಕ್ ಯಾಕೆ?" ಒಳ್ಳೆಯ ಪ್ರಶ್ನೆ. ವರ್ಮ್ ಗೇರ್ ಎಂದರೆ ಸ್ಕ್ರೂವಿನಂಥ ದಂಡವೊಂದು ಹಲ್ಲುಚಕ್ರವನ್ನು ತಿರುಗಿಸುವ ಗೇರ್. ತಾನಾಗಿ ಲಾಕ್ ಆಗುವಂಥ ವರ್ಮ್ ಗೇರಿನಲ್ಲಿ ಅರ್ಧಕ್ಕೂ ಹೆಚ್ಚು ಶಕ್ತಿ ಉಜ್ಜಾಟದಲ್ಲೇ ಹೋಗುತ್ತದೆ. ಹಾಗಾದರೆ ಬ್ಯಾಟರಿ ದೊಡ್ಡದು ಬೇಕು, ಗಾಡಿ ಭಾರವಾಗುತ್ತದೆ. ಜೊತೆಗೆ ಚೈನ್ ತುಂಡಾದರೆ ಮೋಟರ್ ಕಡೆಯ ಲಾಕ್ ಯಾವ ಉಪಯೋಗಕ್ಕೂ ಬಾರದು, ನಮ್ಮ ಬ್ರೇಕ್ ಇರುವುದು ಆಕ್ಸಲ್ಲಿನ ಮೇಲೆ. ಅವರು ತಲೆಯಾಡಿಸಿ, ಲಿವರ್ ಬಿಟ್ಟು ಒಮ್ಮೆ ಗಾಡಿಯನ್ನು ತಳ್ಳಿ ನೋಡಿದರು.

ಗಾಡಿ ಈಗ ಶಿರಸಿಯ ಆ ಮನೆಯಲ್ಲಿದೆ. ಡ್ರಾಯಿಂಗ್‌ಗಳು, ವೈರಿಂಗ್ ನಕ್ಷೆ, ಬಿಡಿಭಾಗಗಳ ಪಟ್ಟಿ, ಯಾವುದು ಯಾವ ಅಂಗಡಿಯದು ಎಂಬ ವಿವರ ಎಲ್ಲವೂ ಡಿಪಾರ್ಟ್‌ಮೆಂಟಿನ ಕಂಪ್ಯೂಟರಿನಲ್ಲಿವೆ. ಜೂನಿಯರ್‌ಗಳ ಒಂದು ಟೀಮ್ ಮುಂದಿನ ಗಾಡಿಗೆ ಕೈ ಹಾಕಿದೆ. ಚೈನುಗಳನ್ನು ಕೆಸರಿನಿಂದ ಮುಚ್ಚುವ ಡಬ್ಬಿ, ಅರ್ಧ ಖಾಲಿಯಾದ ಬ್ಯಾರಲಿನಲ್ಲಿ ನೀರು ಓಲಾಡದಂತೆ ಒಳಗೊಂದು ಅಡ್ಡ ಹಲಗೆ, ಗಾಡಿಯ ತೂಕ 100 ಕೆಜಿಗೆ ಇಳಿಸುವುದು, ಇಷ್ಟು ಅವರ ಪಟ್ಟಿಯಲ್ಲಿದೆ. ಮಳೆ ಕಡಿಮೆಯಾದ ಕೂಡಲೇ ಅಳತೆಗೆ ಬರುತ್ತೇವೆ ಎಂದು ಗೆಳೆಯನ ಅಪ್ಪನಿಗೆ ಫೋನ್ ಮಾಡಿ ಹೇಳಿದ್ದಾರಂತೆ.